ಬ್ರೌಸರ್‌ಗಳು ಮತ್ತು ಕನ್ನಡ ಜಾಲತಾಣಗಳ ಅಭಿವೃದ್ಧಿ

ಬ್ರೌಸರ್ ಎಂಬುದು ಅಂತರಜಾಲದ ಪುಟಗಳನ್ನು ಪಡೆದು ತೆರೆಯ ಮೇಲೆ ಮೂಡಿಸುವ ತಂತ್ರಾಂಶ. ಪುಟವನ್ನು ರಚಿಸುವವರು ಅಭಿವೃದ್ಧಿಕಾರರಾದರೂ ಅದು ಓದುಗರಿಗೆ ಕಾಣುವ ರೂಪವು ಬ್ರೌಸರ್ ಅನ್ನು ಅವಲಂಬಿಸಿದೆ. ಗುಣಿತಾಕ್ಷರ ಮತ್ತು ಒತ್ತಕ್ಷರಗಳುಳ್ಳ ಕನ್ನಡದಲ್ಲಿ ಪುಟವನ್ನು ಓದಲು ಸಾಧ್ಯವೇ ಎಂಬುದೂ ಇದರಿಂದಲೇ ನಿರ್ಧಾರವಾಗುತ್ತದೆ.

ಹಿನ್ನೆಲೆ

ಆರಂಭದ ಅನೇಕ ಕನ್ನಡ ಜಾಲತಾಣಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಭಾಗಗಳನ್ನಿಟ್ಟ ಫಾಂಟ್‌ಗಳನ್ನು ಬಳಸುತ್ತಿದ್ದವು. ಆ ಫಾಂಟ್ ಇಲ್ಲದ ಗಣಕದಲ್ಲಿ ಪುಟವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. 1997ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಪುಟದೊಂದಿಗೇ ಫಾಂಟ್ ಕಳುಹಿಸುವ ಸೌಲಭ್ಯ ನೀಡಿತು. ಆದರೆ ಅದರ ಕಡತರೂಪವನ್ನು ಇತರ ಪ್ರಮುಖ ಬ್ರೌಸರ್‌ಗಳು ಅಳವಡಿಸಿಕೊಳ್ಳಲಿಲ್ಲ. ಪಠ್ಯವು ಯೂನಿಕೋಡ್‌ನಲ್ಲಿ ಇಲ್ಲದ ಕಾರಣ 'ಬೇಲೂರು' ಎಂದು ಯೂನಿಕೋಡ್ ಕನ್ನಡದಲ್ಲಿ ಹುಡುಕಿದರೆ ಇಂತಹ ಪುಟಗಳು ದೊರೆಯುವುದಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಯೂನಿಕೋಡ್ ಕನ್ನಡ ಫಾಂಟ್ ಸೇರಿತ್ತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು.

ಅಕ್ಷರಗಳ ಜೋಡಣೆ

ಯೂನಿಕೋಡ್‌ನಲ್ಲಿ ಅಕ್ಷರಕ್ಕೂ ಸಂಕೇತಕ್ಕೂ ಒಂದಕ್ಕೊಂದರ ಹೊಂದಾಣಿಕೆ ಇಲ್ಲ. 'ಅರಸೀಕೆರೆ' ಐದು ಅಕ್ಷರಗಳ ಪದ. ಅದರಲ್ಲಿ 8 ಸಂಕೇತಗಳಿವೆ. ಹಳೇಬೀಡಿನ ದೇವಾಲಯದ ಹೆಸರಾದ 'ಹೊಯ್ಸಳೇಶ್ವರ'ದಲ್ಲೂ ಅಕ್ಷರಗಳು ಐದೇ, ಸಂಕೇತಗಳು 11. ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ಈ ಪದವು 33 ಬೈಟ್‌ಗಳನ್ನು ಪಡೆಯುತ್ತದೆ. ಶೀರ್ಷಿಕೆಯನ್ನು ಚಿಕ್ಕದಾಗಿಸುವ ಪ್ರೋಗ್ರಾಂ ಮೊದಲ ನಾಲ್ಕು ಸಂಕೇತಗಳಿಗೆ ಪದವನ್ನು ಕತ್ತರಿಸಿದರೆ 'ಹೊಯ್' ಮಾತ್ರ ಉಳಿದು ಒತ್ತಕ್ಷರ ಒಡೆಯುತ್ತದೆ. ಸಂಕೇತಗಳನ್ನು ಅಕ್ಷರರೂಪಕ್ಕೆ ಜೋಡಿಸಲು ಫೈರ್‌ಫಾಕ್ಸ್ ಮತ್ತು ಕ್ರೋಮ್ ಬ್ರೌಸರ್‌ಗಳು 'ಹಾರ್ಫ್‌ಬಜ್' ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತವೆ.

ಅಭಿವೃದ್ಧಿ ಸಾಧನಗಳು

2006ರಲ್ಲಿ ಬಂದ 'ಫೈರ್‌ಬಗ್' ಎಂಬ ಫೈರ್‌ಫಾಕ್ಸ್ ವಿಸ್ತರಣೆಯು ಪುಟದ ರಚನೆಯನ್ನು ಬ್ರೌಸರ್‌ನಲ್ಲಿಯೇ ಪರಿಶೀಲಿಸಿ ತಿದ್ದುವ ಕ್ರಮವನ್ನು ಜನಪ್ರಿಯಗೊಳಿಸಿತು. ಇಂದು ಇಂತಹ ಸಾಧನಗಳು ಪ್ರಮುಖ ಬ್ರೌಸರ್‌ಗಳ ಭಾಗವೇ ಆಗಿವೆ. ಕನ್ನಡ ಪುಟಗಳ ಪರಿಶೀಲನೆಯಲ್ಲಿ ಅವುಗಳ ಮುಖ್ಯ ಉಪಯೋಗಗಳು:

• ಪಠ್ಯಕ್ಕೆ ವಾಸ್ತವವಾಗಿ ಬಳಕೆಯಾಗಿರುವ ಫಾಂಟ್ ಯಾವುದೆಂದು ತಿಳಿಯುವುದು.
• ಸಾಲುಗಳ ಎತ್ತರವನ್ನು ಬದಲಿಸಿ, ಕೆಳಗಿನ ಒತ್ತಕ್ಷರಗಳು ಕತ್ತರಿಸಿಹೋಗದಂತೆ ನೋಡಿಕೊಳ್ಳುವುದು.
• ನಿಧಾನಗತಿಯ ಸಂಪರ್ಕವನ್ನು ಅನುಕರಿಸಿ, ಫಾಂಟ್ ಕಡತ ಬರುವವರೆಗೆ ಓದುಗರಿಗೆ ಏನು ಕಾಣುತ್ತದೆ ಎಂಬುದನ್ನು ಪರೀಕ್ಷಿಸುವುದು.

ಮಿತಿಗಳು

ಗಣಕದ ಬ್ರೌಸರ್‌ನಲ್ಲಿ ಮೊಬೈಲ್ ತೆರೆಯನ್ನು ಅನುಕರಿಸಿದಾಗ ಪುಟದ ಅಗಲ ಬದಲಾಗುತ್ತದೆಯೇ ಹೊರತು ಗಣಕದಲ್ಲಿರುವ ಫಾಂಟ್‌ಗಳು ಬದಲಾಗುವುದಿಲ್ಲ. ಪುಟವು ತನ್ನದೇ ಫಾಂಟ್ ಕಳುಹಿಸದಿದ್ದರೆ, ಮೊಬೈಲ್‌ನಲ್ಲಿರುವ ಬೇರೊಂದು ಫಾಂಟ್‌ನಿಂದ ಸಾಲುಗಳ ಉದ್ದವೂ ಅಕ್ಷರಗಳ ಸ್ವರೂಪವೂ ವ್ಯತ್ಯಾಸವಾಗಬಹುದು. ಆದ್ದರಿಂದ ನಿಜವಾದ ಮೊಬೈಲ್‌ಗಳಲ್ಲಿ ಪರೀಕ್ಷಿಸುವುದು ಅಗತ್ಯ.