ಅಳಿಸಿ ಬರೆಯುವ ಕಡತ

ಕೀಲ್ಪಾಕ್‌ನಲ್ಲಿ ಸೇರುವ ನಮ್ಮ ಬಳಗದಲ್ಲಿ ಸಾಹಿತ್ಯದೊಡನೆ ಕಂಪ್ಯೂಟರಿನ ಮಾತೂ ಬರುವುದು ಸಹಜ. ನಮ್ಮಲ್ಲಿ ಹಲವರ ಅನ್ನ ಅದರಿಂದಲೇ. ಈಚೆಗೆ ಸದಸ್ಯರೊಬ್ಬರು ತಮ್ಮದೇ ತಪ್ಪೊಂದನ್ನು ಹೇಳಿಕೊಂಡರು. ಕಡತದ ಒಡೆಯರೂ ಅದನ್ನು ಕೇಳುವವರೂ ಒಬ್ಬರೇ ಆಗಿದ್ದರೆ ಮಾತ್ರ ತೆರೆಯಬೇಕೆಂದು ಅವರು ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆದಿದ್ದರು. ಅದು ಇಬ್ಬರ ಖಾತೆಗಳನ್ನೂ ಒಂದರ ಬೆನ್ನಿಗೊಂದು ಓದಿ ಹೋಲಿಸುತ್ತಿತ್ತು. ಆದರೆ ಯಾರು ಕೇಳಿದರೂ ಕಡತ ತೆರೆಯಿತು.

ಕಡತ ಎಂಬ ಮಾತಿಗೆ ನಮ್ಮಲ್ಲಿ ಹಳೆಯ ಬಾಳಿದೆ. ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಡುತ್ತಿದ್ದ ಬಟ್ಟೆಯೇ ಅಂದಿನ ಕಡತ, ಬರೆಯುತ್ತಿದ್ದುದು ಬಳಪದಿಂದ. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತಮ್ಮ ಇತಿಹಾಸಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾರೆ. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರೆಯ ಆಕರಗಳು. ಅಳಿಸಿ ಬರೆಯಬಹುದೆಂಬುದು ಕಡತದ ಅನುಕೂಲ, ಅದೇ ಅದರ ಅಪಾಯ. ಬಾಳಬೇಕಾದ ದಾನವನ್ನು ಹಿರಿಯರು ಕಲ್ಲಿಗೋ ತಾಮ್ರಕ್ಕೋ ಏರಿಸಿದರು.

ಕಂಪ್ಯೂಟರುಗಳ ಚರಿತ್ರೆಯಲ್ಲಿಯೂ ಈ ಅಪಾಯ ಬೇಗನೆ ಕಾಣಿಸಿಕೊಂಡಿತು. 1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹಲವರು ಏಕಕಾಲಕ್ಕೆ ಬಳಸುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯಿತ್ತು. ಒಮ್ಮೆ ಒಬ್ಬ ಮೇಲ್ವಿಚಾರಕರು ದಿನದ ಪ್ರಕಟಣೆಯನ್ನೂ ಇನ್ನೊಬ್ಬರು ಪಾಸ್‌ವರ್ಡ್‌ಗಳ ಪಟ್ಟಿಯನ್ನೂ ಒಂದೇ ವೇಳೆಯಲ್ಲಿ ತಿದ್ದುತ್ತಿದ್ದರು. ತಿದ್ದುವ ಪ್ರೋಗ್ರಾಮ್ ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಕಡತವನ್ನು ಬಳಸಿತು. ಒಳಬಂದ ಪ್ರತಿಯೊಬ್ಬರ ಮುಂದೆಯೂ ಪ್ರಕಟಣೆಗೆ ಬದಲಾಗಿ ಪಾಸ್‌ವರ್ಡ್‌ಗಳು ಮುದ್ರಿತವಾದವು! ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ತಮ್ಮ ಪ್ರಬಂಧದಲ್ಲಿ ಈ ಪ್ರಸಂಗವನ್ನು ನೆನೆದು, ಯೂನಿಕ್ಸ್‌ನಲ್ಲಿ ಪಾಸ್‌ವರ್ಡನ್ನು ಇದ್ದಂತೆಯೇ ಇಡದಿರುವುದರ ಕಾರಣವನ್ನು ವಿವರಿಸಿದರು.

ಆ ಯೂನಿಕ್ಸ್‌ನ ಖಾತೆಪಟ್ಟಿಯಲ್ಲಿ ಒಬ್ಬರಿಗೆ ಒಂದು ಸಾಲು. ಹೆಸರು, ಪಾಸ್‌ವರ್ಡಿನ ಸ್ಥಾನ, ಬಳಕೆದಾರ ಸಂಖ್ಯೆ, ಗುಂಪಿನ ಸಂಖ್ಯೆ, ಇತರ ವಿವರ, ಹೋಮ್ ಡೈರೆಕ್ಟರಿ, ಶೆಲ್ ಎಂದು ಸಾಲಿಗೆ ಏಳು ಅಂಕಣಗಳು. ಹೆಸರು ಕೊಟ್ಟರೆ ಇವನ್ನು ತಂದುಕೊಡುವ ಫಂಕ್ಷನ್ ‘ಗೆಟ್‌ಪಿಡಬ್ಲ್ಯುನ್ಯಾಮ್’. ಅದು ವಿವರವನ್ನು ತನ್ನದೇ ಒಂದು ಜಾಗದಲ್ಲಿ ಬರೆದು, ನಮಗೆ ಆ ಜಾಗದ ವಿಳಾಸವನ್ನಷ್ಟೇ ಕೊಡುತ್ತದೆ. ಮತ್ತೊಮ್ಮೆ ಕೇಳಿದರೆ ಅದೇ ಜಾಗವನ್ನು ಅಳಿಸಿ ಬರೆಯಬಹುದು. ಕೀಲ್ಪಾಕ್‌ನ ಬಾಡಿಗೆ ಮನೆಗಳನ್ನು ಬಲ್ಲ ನಮಗೆ ಇದು ಹೊಸತಲ್ಲ: ಬಾಗಿಲ ಸಂಖ್ಯೆ ಅದೇ, ಒಳಗಿರುವವರು ಬೇರೆ. ಗೆಳೆಯರ ಕೈಯಲ್ಲಿದ್ದ ಎರಡು ವಿಳಾಸಗಳೂ ಒಂದೇ ಮನೆಯವು.

ಒಂದೇ ಪ್ರೋಗ್ರಾಮ್‌ನಲ್ಲಿ ಹಲವು ಥ್ರೆಡ್‌ಗಳು ಜೊತೆಯಾಗಿ ಓಡತೊಡಗಿದಾಗ ಈ ತೊಡಕು ಇನ್ನೂ ಬಿಗಿಯಾಯಿತು. 1995ರ ಪೋಸಿಕ್ಸ್ ಥ್ರೆಡ್ ಮಾನಕವು, ಹೆಸರಿನ ಕೊನೆಗೆ ಅಡಿಗೆರೆಯೂ ‘ಆರ್’ ಅಕ್ಷರವೂ ಸೇರಿದ ಇನ್ನೊಂದು ರೂಪವನ್ನು ಅಂಗೀಕರಿಸಿತು. ಇಲ್ಲಿ ಬರೆಯುವ ಜಾಗವನ್ನು ಕೇಳುವವರೇ ಒದಗಿಸಬೇಕು. ಜಾಗ ಸಾಲದಿದ್ದರೆ ‘ಈರೇಂಜ್’ ಎಂಬ ದೋಷಸಂಕೇತ ಬರುತ್ತದೆ. ಆಗ ಹೆಚ್ಚು ಜಾಗ ಹಿಡಿದು ಮತ್ತೆ ಕೇಳಬೇಕು. ಹೆಸರು, ಡೈರೆಕ್ಟರಿಗಳ ಅಕ್ಷರಗಳೆಲ್ಲ ಅಲ್ಲಿಯೇ ಇರುವುದರಿಂದ ಕೆಲಸ ಮುಗಿಯುವ ಮುನ್ನ ಆ ಜಾಗವನ್ನು ಬಿಟ್ಟುಕೊಡಬಾರದು. ಮಾನಕದ ಪ್ರಕಾರ, ಮರಳಿದ ಸಂಖ್ಯೆ ಸೊನ್ನೆಯಾಗಿದ್ದು ಫಲಿತಾಂಶದ ವಿಳಾಸ ‘ನಲ್’ ಆಗಿದ್ದರೆ ಅಂಥ ಖಾತೆಯಿಲ್ಲ. ಸಂಖ್ಯೆ ಬೇರೆಯಾದರೆ ಓದುವುದರಲ್ಲಿಯೇ ದೋಷ. ‘ಇಲ್ಲ’ ಎಂಬುದನ್ನೂ ‘ತಿಳಿಯಲಿಲ್ಲ’ ಎಂಬುದನ್ನೂ ಬೆರೆಸಬಾರದೆಂಬುದು ಚರಿತ್ರೆಯನ್ನು ಓದುವವರಿಗೂ ಸಲ್ಲುವ ಮಾತು.

ಗೆಳೆಯರ ತಪ್ಪಿಗೆ ಪರಿಹಾರ ಸುಲಭವಿತ್ತು. ಎರಡನೆಯ ಖಾತೆಯನ್ನು ಕೇಳುವ ಮೊದಲೇ ಮೊದಲನೆಯದರ ಬಳಕೆದಾರ ಸಂಖ್ಯೆಯನ್ನು ಬೇರೆಯಾಗಿ ಬರೆದಿಟ್ಟುಕೊಂಡರು. ಆದರೆ ಅದಕ್ಕೂ ಮುನ್ನ ಯಾರ ಕಾಗದಗಳು ಯಾರ ಕಣ್ಣಿಗೆ ಬಿದ್ದವೋ ತಮಗೆ ತಿಳಿಯದು ಎಂದು ಅವರು ಹೇಳಿದಾಗ ನಮ್ಮಲ್ಲಿ ಯಾರೂ ನಗಲಿಲ್ಲ.