ಮಿನಿಸ್ಟರ್

ಸಚಿವರನ್ನು ನಾವು ಆಡುಮಾತಿನಲ್ಲಿ ಕರೆಯುವ ‘ಮಿನಿಸ್ಟರ್’ ಲ್ಯಾಟಿನ್ ಮೂಲದ ಪದ. ಅಲ್ಲಿ ಅದರ ಅರ್ಥ ಸೇವಕ, ಬಡಿಸುವ ಆಳು. ‘ಕಡಿಮೆ’ ಎಂಬರ್ಥದ ‘ಮಿನುಸ್’ ಅದರ ಬೇರು. ‘ಹೆಚ್ಚು’ ಎಂಬರ್ಥದ ‘ಮಾಗಿಸ್’ನಿಂದ ಹುಟ್ಟಿದ ‘ಮಾಗಿಸ್ಟರ್’ ಎಂದರೆ ಒಡೆಯ, ಗುರು. ದೊಡ್ಡವನಾಗಬೇಕೆನ್ನುವವನು ಸೇವೆಗೆ ನಿಲ್ಲಬೇಕೆಂದು ಯೇಸು ಶಿಷ್ಯರಿಗೆ ಬೋಧಿಸುವ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಲ್ಯಾಟಿನ್ ಬೈಬಲ್ ಬಳಸಿರುವುದು ಇದೇ ಪದವನ್ನು. ಆ ಬೋಧನೆ ಬರಿಯ ವೈಯಕ್ತಿಕ ವಿನಯದ್ದಲ್ಲ. ಅದರ ಹಿಂದಿನ ಮಾತೇ ಜನರ ಮೇಲೆ ದರ್ಪ ನಡೆಸುವ ದೊರೆಗಳ ಕುರಿತದ್ದು.

ಯುರೋಪಿನ ಅರಮನೆಗಳಲ್ಲಿ ಮಿನಿಸ್ಟರ್ ಸೇವೆ ಸಲ್ಲಿಸಿದ್ದು ರಾಜನಿಗೆ, ಜನರಿಗಲ್ಲ ಎಂಬ ಆಕ್ಷೇಪ ನಿಜವೇ. ಆದರೆ ಒಡೆಯ ಬದಲಾದ ಮಾತ್ರಕ್ಕೆ ಸೇವಕನ ಸ್ಥಾನ ಬದಲಾಗುವುದಿಲ್ಲ. ಸೇವಕನೆಂಬ ಈ ಅರ್ಥದಲ್ಲೇ ಹಲವು ಪ್ರೊಟೆಸ್ಟಂಟ್ ಸಭೆಗಳು ಇಂದಿಗೂ ತಮ್ಮ ಪಾಸ್ಟರರನ್ನು ಮಿನಿಸ್ಟರ್ ಎನ್ನುತ್ತವೆ. ನಮ್ಮ ಸಂವಿಧಾನದ 75ನೇ ವಿಧಿಯಂತೂ ಕೇಂದ್ರದ ಮಂತ್ರಿಮಂಡಲವನ್ನು ಜನರು ಆರಿಸಿದ ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿಸಿದೆ.