ಹಳೆಯ ತೊಟ್ಟಿ, ಉಪ್ಪು ನೀರು

ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ನಮ್ಮ ಪಕ್ಕದ ಸೊಸೈಟಿಯಲ್ಲಿ ಒಬ್ಬರು ಮನೆ ಖಾಲಿ ಮಾಡುತ್ತಿದ್ದರು. ಮೂರಡಿ ಉದ್ದದ ಅಕ್ವೇರಿಯಂ ಮಾರಾಟಕ್ಕಿದೆ ಎಂದು ವಾಚ್‌ಮನ್ ಹೇಳಿದ. ಹೋಗಿ ನೋಡಿದರೆ ಅದು ಗೋಲ್ಡ್‌ಫಿಶ್ ಸಾಕುವಂಥದ್ದಲ್ಲ, ಉಪ್ಪುನೀರಿನದು. ಬೆಲೆ ಹೊಸದರ ಅರ್ಧಕ್ಕೂ ಕಡಿಮೆ. ಜೊತೆಗೆ ಅಂಗೈಯಗಲದ ಎರಡು ಜೀವಂತ ಹವಳದ ತುಂಡುಗಳು ‘ಫ್ರೀ’. ಎರಡು ದಿನ ಟೈಮ್ ಕೊಡಿ ಎಂದು ಕೇಳಿ ಬಂದೆ. ಹೊಸದು ಕೊಳ್ಳಲೋ, ಹಳೆಯದು ಸಾಕೋ ಎಂದು ತಿಳಿಯಲು ಓದತೊಡಗಿದವನು ನೂರೈವತ್ತು ವರ್ಷಕ್ಕೂ ಹಿಂದಕ್ಕೆ ಹೋಗಿ ನಿಂತಿದ್ದೆ.

ಕಡಲ ಜೀವಿಯನ್ನು ಗಾಜಿನೊಳಗಿಟ್ಟು ಅಭ್ಯಾಸ ಮಾಡಿದ ಮೊದಲಿಗರಲ್ಲಿ ಒಬ್ಬಾಕೆ ಫ್ರಾನ್ಸಿನ ಜಾನ್ ವಿಲ್‌ಪ್ರೂ-ಪವರ್. ಸಿಸಿಲಿಯ ಮೆಸ್ಸೀನಾದಲ್ಲಿದ್ದ ಆಕೆ 1832ರ ಹೊತ್ತಿಗೆ ಗಾಜಿನ ತೊಟ್ಟಿ ಮಾಡಿಸಿಕೊಂಡು ಆರ್ಗೊನಾಟ್ ಎಂಬ ಆಕ್ಟೋಪಸ್ ಜಾತಿಯ ಜೀವಿಯನ್ನು ಸಾಕಿದಳು. ಅದರ ಚಿಪ್ಪು ಬೇರೆ ಪ್ರಾಣಿಯಿಂದ ಕದ್ದದ್ದು ಎಂದು ಹಲವರು ನಂಬಿದ್ದರು. ಅದು ತಾನೇ ಚಿಪ್ಪು ಕಟ್ಟಿಕೊಳ್ಳುತ್ತದೆ ಎಂದು ಆಕೆ ತೋರಿಸಿಕೊಟ್ಟಳು. 1838ರಲ್ಲಿ ಆಕೆಯ ಸಂಗ್ರಹ, ಟಿಪ್ಪಣಿಗಳನ್ನು ಹೊತ್ತ ಹಡಗು ಮುಳುಗಿತು. ಕಡಲು ತನ್ನದನ್ನು ವಾಪಸ್ ತೆಗೆದುಕೊಂಡಿತು.

ಲಂಡನ್ನಿನ ಕಥೆ ಇನ್ನೂ ಹತ್ತಿರದ್ದು. 1846ರಲ್ಲಿ ಆನಾ ಥಿನ್ ಎಂಬ ಪಾದ್ರಿಯ ಹೆಂಡತಿ ಟಾರ್ಕೀ ಎಂಬ ಕಡಲೂರಿನಿಂದ ಕಲ್ಲುಹವಳದ ಜೀವಿಗಳನ್ನು ಜಾಡಿಯಲ್ಲಿ ತುಂಬಿಕೊಂಡು ವೆಸ್ಟ್‌ಮಿನ್‌ಸ್ಟರ್ ಮನೆಗೆ ತಂದಳು. ಲಂಡನ್ನಿನಲ್ಲಿ ಸಮುದ್ರವಿಲ್ಲ, ತಂದಿದ್ದ ನೀರೇ ಗತಿ. ಆ ನೀರಿಗೆ ಗಾಳಿ ತಾಗಬೇಕು. ಅದಕ್ಕಾಗಿ ಮನೆಗೆಲಸದ ಹುಡುಗಿ ದಿನವೂ ತೆರೆದ ಕಿಟಕಿಯ ಬಳಿ ನಿಂತು ಅರ್ಧ ಮುಕ್ಕಾಲು ಗಂಟೆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು, ನಾವು ಕಾಫಿ ಆರಿಸುವ ಹಾಗೆ. ಮುಂದೆ ಕಡಲ ಸಸ್ಯಗಳನ್ನು ಜೊತೆಗಿಟ್ಟ ಮೇಲೆ ಹವಳ ವರ್ಷಗಟ್ಟಲೆ ಉಳಿಯಿತು. ಥಿನ್ ಹೆಸರು ಇತಿಹಾಸದಲ್ಲಿದೆ. ಕೈ ನೋಯಿಸಿಕೊಂಡವಳ ಹೆಸರು ನಾನು ಓದಿದ ಯಾವ ಪುಟದಲ್ಲೂ ಸಿಗಲಿಲ್ಲ.

ಸಸ್ಯ ಏಕೆ ಬೇಕು ಎಂಬುದನ್ನು ಲೆಕ್ಕವಾಗಿ ಹೇಳಿದವನು ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. 1850ರಲ್ಲಿ ಅವನು ಮಂಡಿಸಿದ ಪ್ರಯೋಗ ಸರಳ: ಮೀನಿಗೆ ಬೇಕಾದ ಆಮ್ಲಜನಕವನ್ನು ಗಿಡ ಕೊಡುತ್ತದೆ, ಕೊಳೆಯುವ ಎಲೆಯನ್ನು ಬಸವನಹುಳು ತಿನ್ನುತ್ತದೆ. ಮೂರೂ ಇದ್ದರೆ ನೀರು ಕೆಡದು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ಸುಂಕ 1845ರಲ್ಲೇ ರದ್ದಾಗಿ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ‘ಫಿಶ್ ಹೌಸ್’ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ತನ್ನ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಪದವನ್ನು ಮನೆಮಾತಾಗಿಸಿದ. ನಾಲ್ಕು ಲವಣಗಳನ್ನು ಬೆರೆಸಿ ಕೃತಕ ಸಮುದ್ರದ ನೀರು ಮಾಡುವ ವಿಧಾನವನ್ನೂ ಹೇಳಿಕೊಟ್ಟ. ಇನ್ನು ಕಡಲಿಗೆ ಹೋಗುವ ಅಗತ್ಯವೇ ಇಲ್ಲ!

ಆದರೆ ಜನ ಕಡಲಿಗೇ ಹೋದರು. ಗಾಸ್‌ನ ಪುಸ್ತಕ ಓದಿದವರು ಬುಟ್ಟಿ, ಉಳಿ, ಸುತ್ತಿಗೆ ಹಿಡಿದು ದಂಡೆಯ ಬಂಡೆಗಳಿಗೆ ಮುತ್ತಿದರು. ಕೆಲವೇ ವರ್ಷಗಳಲ್ಲಿ ಬಂಡೆಗಳ ನಡುವಿನ ಹೊಂಡಗಳು ಬರಿದಾದವು. ಅವನ ಮಗ ಎಡ್ಮಂಡ್ ಗಾಸ್ 1907ರ ಆತ್ಮಕಥೆಯಲ್ಲಿ ಈ ನಾಶವನ್ನೂ, ಅದರಿಂದ ತಂದೆಗಾದ ನೋವನ್ನೂ ಬರೆದಿದ್ದಾನೆ. ಪ್ರೀತಿಯಿಂದ ಬರೆದ ಪುಸ್ತಕವೇ ಪ್ರೀತಿಸಿದ್ದನ್ನು ಬರಿದು ಮಾಡಿತು.

ಇಷ್ಟೆಲ್ಲ ಮಾಡಿ ತಂದ ತೊಟ್ಟಿಗಳ ಗತಿ? 1868ರಲ್ಲಿ ಜೆ. ಜಿ. ವುಡ್ ಎಂಬ ಲೇಖಕ, ಹುಚ್ಚು ಇಳಿದಿದೆ, ಹತ್ತರಲ್ಲಿ ಒಂಬತ್ತು ಅಕ್ವೇರಿಯಂಗಳನ್ನು ಜನ ಕೈಬಿಟ್ಟಿದ್ದಾರೆ ಎಂದು ಬರೆದ. ಅಂದರೆ ‘ಮನೆ ಖಾಲಿ ಮಾಡುತ್ತಿದ್ದೇವೆ, ಟ್ಯಾಂಕ್ ಮಾರಾಟಕ್ಕಿದೆ’ ಎಂಬ ಮಾತು ಡೊಂಬಿವಲಿಯಲ್ಲಿ ಹುಟ್ಟಿದ್ದಲ್ಲ. ತೊಟ್ಟಿ, ಕಡಲಜೀವಿ, ಸಮುದ್ರದ ನೀರು ಎಲ್ಲವನ್ನೂ ಮಾರುತ್ತಿದ್ದ ವಿಲಿಯಂ ಆಲ್ಫರ್ಡ್ ಲಾಯ್ಡ್‌ನ ಅಂಗಡಿಯೂ 1862ರ ಹೊತ್ತಿಗೆ ಮುಳುಗಿತ್ತು. ಅವನು ಸುಮ್ಮನೆ ಕೂರಲಿಲ್ಲ. 1871ರಲ್ಲಿ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ತೆರೆದ ಅಕ್ವೇರಿಯಂನಲ್ಲಿ, ಜನರಿಗೆ ಕಾಣುವ ತೊಟ್ಟಿಗಳಿಗಿಂತ ದೊಡ್ಡದಾದ ನೀರಿನ ಸಂಗ್ರಹವನ್ನು ನೆಲದಡಿಯ ಕತ್ತಲಲ್ಲಿಟ್ಟು ನೀರನ್ನು ಸದಾ ಹರಿಸಿದ. ಇಂದು ಉಪ್ಪುನೀರಿನ ಟ್ಯಾಂಕಿನ ಕೆಳಗೆ ಕ್ಯಾಬಿನೆಟ್ಟಿನಲ್ಲಿ ಅಡಗಿರುವ ‘ಸಂಪ್’ ಇದರ ಮೊಮ್ಮಗ.

ನೀರನ್ನು ಕಾಯುವ ಇನ್ನೊಂದು ಅದೃಶ್ಯ ಶಕ್ತಿ ಬ್ಯಾಕ್ಟೀರಿಯಾ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ವಿಷ. ಅದು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗುತ್ತದೆ. ಈ ಎರಡು ಹಂತಗಳಿಗೆ ಬೇರೆ ಬೇರೆ ಜೀವಿಗಳು ಕಾರಣ ಎಂಬುದನ್ನು ಮಣ್ಣಿನ ಪ್ರಯೋಗಗಳಲ್ಲಿ ತೋರಿಸಿದವನು ಮತ್ತೊಬ್ಬ ರಾಬರ್ಟ್ ವಾರಿಂಗ್ಟನ್, ಮೊದಲಿನವನ ಮಗ! ತಂದೆಯ ತೊಟ್ಟಿಗೆ ಬೇಕಿದ್ದ ಉತ್ತರ ಮಗನಿಗೆ ಹೊಲದ ಮಣ್ಣಿನಲ್ಲಿ ಸಿಕ್ಕಿತು. ಹೊಸ ಟ್ಯಾಂಕಿನಲ್ಲಿ ಈ ಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನವೇ ಮೀನು ಬಿಟ್ಟವನು ಮೀನು ಕಳೆದುಕೊಳ್ಳುತ್ತಾನೆ.

ನಮ್ಮೂರಿನ ಮರೀನ್ ಡ್ರೈವ್‌ನಲ್ಲಿ ತಾರಾಪೋರ್‌ವಾಲಾ ಅಕ್ವೇರಿಯಂ ತೆರೆದದ್ದು 1951ರಲ್ಲಿ, ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಕೈಯಿಂದ. ಆಗ ಮನೆಯಲ್ಲಿ ಉಪ್ಪುನೀರು ಇಡುವುದು ಕಷ್ಟ; ಲೋಹದ ಚೌಕಟ್ಟನ್ನು ಉಪ್ಪು ತಿಂದುಬಿಡುತ್ತಿತ್ತು. 1960ರ ದಶಕದಲ್ಲಿ ಸಿಲಿಕೋನ್ ಅಂಟು ಬಂದು ಬರೀ ಗಾಜಿನ ತೊಟ್ಟಿ ಸಾಧ್ಯವಾಯಿತು. ಹಾಗಾಗಿ ಹಳೆಯದನ್ನು ಕೊಳ್ಳುವವರು ಮೊದಲು ನೋಡಬೇಕಾದ್ದು ಗಾಜನ್ನಲ್ಲ, ಮೂಲೆಯ ಸಿಲಿಕೋನನ್ನು: ಎದ್ದಿದೆಯೇ, ಹಿಟ್ಟಾಗಿದೆಯೇ? ಸಮತಟ್ಟಾದ ನೆಲದ ಮೇಲಿಟ್ಟು ನೀರು ತುಂಬಿ ಎರಡು ಮೂರು ದಿನ ಕಾಯಬೇಕು. ಮೀನಿನ ರೋಗಕ್ಕೆ ತಾಮ್ರದ ಔಷಧ ಹಾಕಿದ್ದರೇ ಎಂದು ಕೇಳಬೇಕು. ಅದರ ಶೇಷ ಸಿಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಗೆ ಸುಮಾರು 180 ಲೀಟರ್ ನೀರು, ಆರು ಕಿಲೋಗೂ ಹೆಚ್ಚು ಉಪ್ಪು. ಗಾಜು, ಕಲ್ಲು ಸೇರಿದರೆ ಭಾರ 200 ಕಿಲೋ ದಾಟುತ್ತದೆ.

ಉಳಿದದ್ದು ಆ ‘ಫ್ರೀ’ ಹವಳ. 2001ರಿಂದ ಕಲ್ಲುಹವಳಗಳು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಸಾಲಿನಲ್ಲಿ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ನೀರಿನಲ್ಲಿ ಅವನ್ನು ಕಂಡು ಕೂಗಿಕೊಂಡಿದ್ದವನು ನಾನು. ಎರಡನೆಯ ದಿನ ಹೋಗಿ, ತೊಟ್ಟಿ ಮಾತ್ರ ಸಾಕು ಎಂದೆ. ‘ಹಾಗಾದರೆ ಇದನ್ನೇನು ಮಾಡಲಿ?’ ಎಂದು ಅವರು ಕೇಳಿದರು. ಅರಣ್ಯ ಇಲಾಖೆಗೆ ತಿಳಿಸಿ ಎಂದು ಹೇಳಿದೆನಾದರೂ, ನನ್ನ ಬೇಡ ಎಂಬ ಮಾತಿನಿಂದ ಆ ಎರಡು ತುಂಡುಗಳು ಕಡಲಿಗೆ ಮರಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮೂರನೆಯದು ಕೀಳದಿದ್ದರೆ ಸಾಕು ಎಂದುಕೊಂಡೆ.

ಈಗ ನಮ್ಮ ಹಾಲಿನಲ್ಲಿ ತೊಟ್ಟಿಯಿದೆ. ಉಪ್ಪು ನೀರಿದೆ, ಮೀನಿಲ್ಲ. ಐದನೆಯ ವಾರ ನಡೆಯುತ್ತಿದೆ. ಮನೆಗೆಲಸಕ್ಕೆ ಬರುವ ಮಾವಶಿ ಮೊದಲ ದಿನವೇ ಸೊಂಟಕ್ಕೆ ಕೈಯಿಟ್ಟು ನಿಂತು ಕೇಳಿದ್ದರು: ‘ಪಾಣಿ ಕೋಣ್ ಬದಲಣಾರ್?’ ನೀರು ಯಾರು ಬದಲಿಸುತ್ತಾರೆ?

ನಾನೇ, ಎಂದೆ. ಪ್ರತಿ ಭಾನುವಾರ ಬೆಳಿಗ್ಗೆ ಬಕೆಟ್ ಹಿಡಿದಾಗ ಲಂಡನ್ನಿನ ಕಿಟಕಿಯ ಬಳಿ ನಿಂತ ಆ ಹುಡುಗಿ ನೆನಪಾಗುತ್ತಾಳೆ.